ಕೇಳಿಸಿತೇ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ

ವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರಿಗೆ, ವಿಭಾಗ ಮುಖ್ಯಸ್ಥರಿಗೆ ಮತ್ತು ಪಠ್ಯಕ್ರಮ ಸಮಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಇಪ್ಪತ್ತೆರಡು ವರ್ಷಗಳಿಂದ ಜನರಲ್ ಮೆಡಿಸಿನ್ ಕಲಿಸುತ್ತಿರುವ ಶಿಕ್ಷಕ. ನಮ್ಮ ಪಾಠದ ಬಗ್ಗೆ ವಿದ್ಯಾರ್ಥಿಗಳಿಂದ ಅಭಿಪ್ರಾಯ ಬರೆಸಿಕೊಳ್ಳುವ ಪದ್ಧತಿಯ ಕುರಿತು ನಿಮ್ಮೊಂದಿಗೆ ಮಾತನಾಡಬೇಕಾಗಿದೆ. ಸಮಿತಿಯ ಸಭೆಗಳಲ್ಲಿ ಈ ವಿಷಯ ಕಾರ್ಯಸೂಚಿಯ ಕೊನೆಯಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಎಲ್ಲರೂ ವಾರ್ಡಿಗೋ ಮನೆಗೋ ಹೊರಟಿರುತ್ತಾರೆ. ಅದಕ್ಕಾಗಿ ಈ ಪತ್ರ.

ಒಂದು ಚೀಟಿಯ ಕಥೆಯಿಂದ ಆರಂಭಿಸುತ್ತೇನೆ. ಹೃದಯದ ಮರ್ಮರ್, ಅಂದರೆ ಎದೆಬಡಿತದ ಎರಡು ಸದ್ದುಗಳ ಜೊತೆಗೆ ಕೇಳಿಸುವ ಹೆಚ್ಚುವರಿ ಸದ್ದನ್ನು, ಆಲಿಸುವುದನ್ನು ನಾನು ಹನ್ನೊಂದು ವರ್ಷ ಒಂದೇ ರೀತಿಯಲ್ಲಿ ಕಲಿಸಿದೆ. ರೋಗಿಯ ಹಾಸಿಗೆಯ ಸುತ್ತ ಬ್ಯಾಚಿನ ಎಂಟು ಮಂದಿ ನಿಲ್ಲುತ್ತಿದ್ದರು. ಸ್ಟೆತಾಸ್ಕೋಪನ್ನು ಎಲ್ಲಿಡಬೇಕೆಂದು ತೋರಿಸುತ್ತಿದ್ದೆ. ಒಬ್ಬೊಬ್ಬರೇ ಬಂದು ಬಾಗಿ ಆಲಿಸುತ್ತಿದ್ದರು. "ಕೇಳಿಸಿತೇ?" ಎಂದರೆ "ಕೇಳಿಸಿತು ಸರ್" ಎನ್ನುತ್ತಿದ್ದರು. ಸರಿ, ಮುಂದಿನವರು. ಹತ್ತು ನಿಮಿಷದಲ್ಲಿ ಎಂಟು ಮಂದಿಗೂ ಕೇಳಿಸಿ ಮುಗಿಯುತ್ತಿತ್ತು. ಒಮ್ಮೆ ಪೋಸ್ಟಿಂಗಿನ (ಬ್ಯಾಚು ನಮ್ಮ ವಾರ್ಡಿನಲ್ಲಿ ಕಲಿಯುವ ಅವಧಿಯ) ನಡುವೆ, ಕೈಯಲ್ಲಿ ಒಂದಷ್ಟು ಖಾಲಿ ಚೀಟಿಗಳಿದ್ದವೆಂಬ ಕಾರಣಕ್ಕೆ, "ಈ ಮೂರು ವಾರದಲ್ಲಿ ನಿಮಗೆ ಇನ್ನೂ ಬಾರದೆ ಉಳಿದದ್ದು ಏನು? ಹೆಸರು ಬೇಡ" ಎಂದು ಬರೆಯಲು ಹೇಳಿದೆ. ಒಂದು ಚೀಟಿಯಲ್ಲಿ ಹೀಗಿತ್ತು: "ಮೈಟ್ರಲ್ ಮರ್ಮರ್ ನನಗೆ ಒಮ್ಮೆಯೂ ಕೇಳಿಸಿಲ್ಲ. ಕೇಳಿಸಿತೇ ಎಂದಾಗ ಹೂಂ ಎಂದೆ. ನನಗಿಂತ ಮೊದಲು ಕೇಳಿದವರೆಲ್ಲ ಹೂಂ ಎಂದಿದ್ದರು."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಅದೇ ರೋಗಿಯ ಒಪ್ಪಿಗೆ ಪಡೆದು, ಅದೇ ಎಂಟು ಮಂದಿಗೆ ಒಂದೊಂದು ಹಾಳೆ ಕೊಟ್ಟೆ. ಹೃದಯದ ಮೊದಲ ಸದ್ದಿಗೆ ಒಂದು ಗೆರೆ, ಎರಡನೆಯದಕ್ಕೆ ಇನ್ನೊಂದು ಗೆರೆ ಎಳೆಯಿರಿ, ಮರ್ಮರ್ ಎಲ್ಲಿ ಕೇಳಿಸಿತೋ ಅಲ್ಲಿ ಪೆನ್ಸಿಲಿನಿಂದ ತುಂಬಿರಿ, ಪಕ್ಕದವರೊಂದಿಗೆ ಮಾತನಾಡಬೇಡಿ ಎಂದೆ. ಐವರು ಮೊದಲ ಮತ್ತು ಎರಡನೆಯ ಸದ್ದಿನ ನಡುವೆ ತುಂಬಿದ್ದರು. ಆ ರೋಗಿಗಿದ್ದಂತೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾದಾಗ ಮರ್ಮರ್ ಬರುವುದು ಎರಡನೆಯ ಸದ್ದಿನ ನಂತರ. ಒಬ್ಬರ ಹಾಳೆ ಖಾಲಿಯಾಗಿತ್ತು. ಸರಿಯಾಗಿ ಗುರುತಿಸಿದವರು ಇಬ್ಬರು.

ಆ ಸದ್ದು ದೂರದ ಗುಡುಗಿನಂತೆ ಮಂದ್ರದಲ್ಲಿರುತ್ತದೆ. ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಬೇಕು, ಉಸಿರು ಹೊರಬಿಟ್ಟು ತಡೆಹಿಡಿಯಲು ಹೇಳಬೇಕು, ಸ್ಟೆತಾಸ್ಕೋಪಿನ ಬೆಲ್ ಭಾಗವನ್ನು ಹಗುರವಾಗಿ ಇಡಬೇಕು, ಇನ್ನೊಂದು ಕೈ ಕೊರಳಿನ ನಾಡಿಯ ಮೇಲಿರಬೇಕು. ಗದ್ದಲದ ವಾರ್ಡಿನಲ್ಲಿ, ಹಿಂದೆ ಏಳು ಮಂದಿ ಕಾಯುತ್ತಿರುವಾಗ, ಒಂದೂಕಾಲು ನಿಮಿಷದಲ್ಲಿ ಇದು ಹೊಸಬರ ಕಿವಿಗೆ ಬೀಳುವುದು ಕಷ್ಟ. ಇದೆಲ್ಲ ನನಗೆ ತಿಳಿದೇ ಇತ್ತು, ಉಪನ್ಯಾಸದಲ್ಲಿ ಹೇಳಿಯೂ ಇದ್ದೆ. ನನಗೆ ತಿಳಿಯದೆ ಹೋದದ್ದು ಒಂದೇ: ಅವರಿಗೆ ಕೇಳಿಸುತ್ತಿಲ್ಲ ಎಂಬುದು. ಪರೀಕ್ಷೆಯೂ ಅದನ್ನು ನನಗೆ ತಿಳಿಸಲಿಲ್ಲ. ಪಠ್ಯಪುಸ್ತಕದ ವಾಕ್ಯ ಬಂದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಅವರಿಗೆ ಅಂಕ ಚೆನ್ನಾಗಿಯೇ ಬರುತ್ತಿತ್ತು. ವರ್ಷಾಂತ್ಯದ ಫೀಡ್‌ಬ್ಯಾಕ್ ಫಾರಂ ಕೂಡ ತಿಳಿಸಲಿಲ್ಲ. ಅದರಲ್ಲಿ ನನಗೆ ಐದಕ್ಕೆ 4.3 ಬಂದಿತ್ತು.

ಆ ಫಾರಂ ನಿಮಗೂ ಗೊತ್ತಿರುವಂಥದ್ದೇ. ಶಿಕ್ಷಕರಿಗೆ ವಿಷಯದಲ್ಲಿ ಪ್ರಭುತ್ವವಿದೆಯೇ, ಸಮಯಪಾಲನೆ ಇದೆಯೇ, ದೃಶ್ಯ ಸಾಧನಗಳ ಬಳಕೆ ಹೇಗಿದೆ ಎಂಬ ಪ್ರಶ್ನೆಗಳು, ಎದುರಿಗೆ ಒಂದರಿಂದ ಐದರವರೆಗೆ ಪೆಟ್ಟಿಗೆಗಳು. ನಾನು ಕಂಡ ಕಡೆಗಳಲ್ಲಿ ಅದನ್ನು ತುಂಬಿ ಕೊಟ್ಟ ಮೇಲೆಯೇ ಪ್ರವೇಶ ಪತ್ರ ಕೈಗೆ ಬರುತ್ತಿತ್ತು. ನಾಳೆ ಪರೀಕ್ಷೆ ಬರೆಯಬೇಕಾದ ಹುಡುಗಿ ಹದಿನೆಂಟು ಶಿಕ್ಷಕರ ಬಗ್ಗೆ ಹದಿನೈದು ಪ್ರಶ್ನೆಗಳಿಗೆ ಯೋಚಿಸಿ ಉತ್ತರಿಸುತ್ತಾಳೆಂದು ಎಣಿಸುವುದು ಆಕೆಗೆ ಮಾಡುವ ಅನ್ಯಾಯ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಂಕಣದಲ್ಲಿ ಗುರುತು ಹಾಕಿ ಓದಲು ಹೋಗುತ್ತಾಳೆ. ನಾವು ಅದರ ಸರಾಸರಿಯನ್ನು ದಶಮಾಂಶ ಸಹಿತ ತೆಗೆದು, ಕಡತಕ್ಕೆ ಸೇರಿಸಿ, ತಪಾಸಣಾ ತಂಡಕ್ಕೆ ತೋರಿಸುತ್ತೇವೆ.

ವೈದ್ಯಕೀಯ ಶಿಕ್ಷಣದ ವಿಶ್ವ ಒಕ್ಕೂಟ 2003ರಲ್ಲಿ ಪ್ರಕಟಿಸಿದ ಮಾನದಂಡಗಳಲ್ಲಿ ಈ ಬಗ್ಗೆ ಮೂರು ಕ್ರಿಯಾಪದಗಳಿವೆ. ವಿದ್ಯಾರ್ಥಿಗಳ ಮತ್ತು ಶಿಕ್ಷಕರ ಅಭಿಪ್ರಾಯವನ್ನು ವ್ಯವಸ್ಥಿತವಾಗಿ ಕೇಳಬೇಕು, ವಿಶ್ಲೇಷಿಸಬೇಕು, ಅದಕ್ಕೆ ಸ್ಪಂದಿಸಬೇಕು. ಮೊದಲನೆಯದನ್ನು ನಾವು ಮಾಡುತ್ತೇವೆ. ಎರಡನೆಯದನ್ನು ಅರ್ಧ ಮಾಡುತ್ತೇವೆ. ಮೂರನೆಯದನ್ನು ಮಾಡಿದ ವಿಭಾಗಗಳನ್ನು ನನ್ನ ಇಡೀ ವೃತ್ತಿಯಲ್ಲಿ ಬೆರಳ ತುದಿಯಲ್ಲಿ ಎಣಿಸಬಲ್ಲೆ. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದೆ ಇರುವುದೇ ಮೇಲು ಎಂದು ನನಗೆ ಹಲವು ಬಾರಿ ಅನಿಸಿದೆ. ಒಮ್ಮೆ ಮನಸ್ಸು ಬಿಚ್ಚಿ ಬರೆದು, ಏನೂ ಆಗದ್ದನ್ನು ಕಂಡ ವಿದ್ಯಾರ್ಥಿ ಎರಡನೆಯ ಬಾರಿ ಬರೆಯುವುದಿಲ್ಲ. ತನ್ನ ಕಿರಿಯರಿಗೂ ಬರೆಯಬೇಡಿ ಎಂದು ಹೇಳಿ ಹೋಗುತ್ತಾನೆ.

ಹಿರಿಯ ಸಹೋದ್ಯೋಗಿಗಳು ಒಂದು ಮಾತು ಹೇಳುತ್ತಾರೆ: "ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಕಲಿಸುವುದರ ಬಗ್ಗೆ ಏನು ಗೊತ್ತು?" ಇದನ್ನು ಅಹಂಕಾರವೆಂದು ತಳ್ಳಿಹಾಕಲಾರೆ. ಇದರ ಹಿಂದೆ ಗಟ್ಟಿ ಪುರಾವೆಯಿದೆ. 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಟನೊಬ್ಬನಿಗೆ ಡಾಕ್ಟರ್ ಫಾಕ್ಸ್ ಎಂಬ ಹೆಸರು ಕೊಟ್ಟು, ಗಣಿತದ ಆಟ ಸಿದ್ಧಾಂತವನ್ನು ವೈದ್ಯರ ಶಿಕ್ಷಣಕ್ಕೆ ಅನ್ವಯಿಸುವ ಬಗ್ಗೆ ಉಪನ್ಯಾಸ ಕೊಡಿಸಿದರು. ಮಾತಿನಲ್ಲಿ ಹುರುಳಿರಲಿಲ್ಲ, ಪರಸ್ಪರ ವಿರುದ್ಧವಾದ ಹೇಳಿಕೆಗಳೇ ತುಂಬಿದ್ದವು. ಆದರೆ ಆತ ಲವಲವಿಕೆಯಿಂದ, ನಗಿಸುತ್ತ ಮಾತನಾಡಿದ. ಕೇಳಿದವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಶಿಕ್ಷಣತಜ್ಞರು. ಅವರು ಕೊಟ್ಟ ಅಭಿಪ್ರಾಯ ಬಹುಪಾಲು ಮೆಚ್ಚುಗೆಯದೇ ಆಗಿತ್ತು. ಜರ್ಮನಿಯಲ್ಲಿ ಮೂರನೇ ವರ್ಷದ 118 ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಗುಂಪುಗಳಿಗೆ ಪಾಠದ ವೇಳೆ ಚಾಕೊಲೇಟ್ ಬಿಸ್ಕತ್ತು ಇಟ್ಟಿದ್ದರು, ಉಳಿದವಕ್ಕೆ ಇಟ್ಟಿರಲಿಲ್ಲ. ಬಿಸ್ಕತ್ತು ಸಿಕ್ಕ ಗುಂಪುಗಳು ಶಿಕ್ಷಕರಿಗೂ ಪಠ್ಯಸಾಮಗ್ರಿಗೂ ಹೆಚ್ಚು ಅಂಕ ಕೊಟ್ಟವು. 2015ರ ಇನ್ನೊಂದು ಪ್ರಯೋಗ ಸಣ್ಣದು, ಆದರೆ ನೋವಿನದು: ಆನ್‌ಲೈನ್ ತರಗತಿಯಲ್ಲಿ ಬೋಧಕರು ನಿಜಕ್ಕೂ ಯಾರೇ ಆಗಿರಲಿ, ಗಂಡಿನ ಹೆಸರು ಕಂಡಾಗ ಹೆಚ್ಚು ಅಂಕ, ಹೆಣ್ಣಿನ ಹೆಸರು ಕಂಡಾಗ ಕಡಿಮೆ.

ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ಎರಡು. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಶಿಕ್ಷಕರಿಗೆ ಚೀಟಿ ಎತ್ತಿದ ಹಾಗೆ ಹಂಚಲಾಗುತ್ತದೆ, ಆದ್ದರಿಂದ ಅಲ್ಲಿ ಹೋಲಿಕೆ ನ್ಯಾಯವಾಗಿರುತ್ತದೆ. 2010ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದ ಪ್ರಕಾರ, ತಮ್ಮ ಕೋರ್ಸಿನಲ್ಲಿ ವಿದ್ಯಾರ್ಥಿಗಳಿಗೆ ಒಳ್ಳೆಯ ಅಂಕ ಬರುವಂತೆ ಮಾಡಿ, ಅವರಿಂದ ಒಳ್ಳೆಯ ಅಭಿಪ್ರಾಯವನ್ನೂ ಪಡೆದ ಶಿಕ್ಷಕರ ವಿದ್ಯಾರ್ಥಿಗಳು ಮುಂದಿನ ಹಂತದ ಕೋರ್ಸುಗಳಲ್ಲಿ ಹಿಂದೆ ಬಿದ್ದರು. ಹಾರ್ವರ್ಡ್‌ನ ಭೌತಶಾಸ್ತ್ರದ ತರಗತಿಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವೇ ಸಮಸ್ಯೆ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ತಾವು ಹೆಚ್ಚು ಕಲಿತೆವೆಂದು ನಂಬಿದವರು ಕುಳಿತು ಉಪನ್ಯಾಸ ಕೇಳಿದವರು. ಕಲಿಯುವಾಗ ತಲೆಗೆ ಕೆಲಸ ಬಿದ್ದರೆ, ಕಲಿಯುತ್ತಿಲ್ಲವೇನೋ ಎಂದು ಅನಿಸುತ್ತದೆ.

ಹಾಗಾದರೆ ಆ ಹಿರಿಯರು ಹೇಳುವುದೇ ಸರಿಯೇ? ಐದಕ್ಕೆ ಎಷ್ಟು ಎಂಬ ಅಂಕದ ಮಟ್ಟಿಗೆ ಸರಿ. ವಿದ್ಯಾರ್ಥಿಯ ಮಾತಿನ ಮಟ್ಟಿಗೆ ತಪ್ಪು. ಅದೇಕೆಂದು ವೈದ್ಯರಾದ ನಮಗೇ ಚೆನ್ನಾಗಿ ಗೊತ್ತಿರಬೇಕು.

ರೋಗಿಯೊಬ್ಬರು ಬಂದು "ಡಾಕ್ಟ್ರೇ, ಅಜೀರ್ಣ" ಎನ್ನುತ್ತಾರೆ. ಅವರು ಹೇಳಿದ ರೋಗನಿರ್ಣಯ ತಪ್ಪಿರಬಹುದು, ಅದು ಹೃದಯದ ನೋವೇ ಆಗಿರಬಹುದು. ರೋಗಿಗೆ ವೈದ್ಯಶಾಸ್ತ್ರ ಗೊತ್ತಿಲ್ಲವೆಂದು ನಾವು ಅವರ ಮಾತು ಕೇಳುವುದನ್ನು ಬಿಡುತ್ತೇವೆಯೇ? ಎಲ್ಲಿ ನೋಯುತ್ತದೆ, ಯಾವಾಗ ಶುರುವಾಯಿತು, ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದೆಯೇ, ಕುಳಿತರೆ ಇಳಿಯುತ್ತದೆಯೇ, ತೋಳಿಗೆ ಹರಿಯುತ್ತದೆಯೇ ಎಂದು ಕೇಳುತ್ತೇವೆ. ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಜಗತ್ತಿನಲ್ಲಿ ಅವರೊಬ್ಬರಿಗೇ. 1975ರಲ್ಲಿ ಬ್ರಿಟನ್ನಿನ ವೈದ್ಯರು 80 ಹೊಸ ಹೊರರೋಗಿಗಳನ್ನು ಅಧ್ಯಯನ ಮಾಡಿದಾಗ, 66 ಮಂದಿಯಲ್ಲಿ ಕೊನೆಯ ರೋಗನಿರ್ಣಯವು ರೋಗಿಯನ್ನು ಕಳುಹಿಸಿದ ವೈದ್ಯರ ಪತ್ರ ಓದಿ, ಹಿಸ್ಟರಿ (ರೋಗಿಯೇ ಹೇಳುವ ಕಾಯಿಲೆಯ ವಿವರ) ಕೇಳಿ ಮುಗಿಸಿದಾಗ ತೀರ್ಮಾನಿಸಿದ್ದೇ ಆಗಿತ್ತು. ಈ ಸಂಖ್ಯೆಯನ್ನು ನಾವು ಎರಡನೇ ವರ್ಷದವರಿಗೆ ಅಭಿಮಾನದಿಂದ ಹೇಳುತ್ತೇವೆ. ಹೇಳಿದ ಮೇಲೆ ಅವರ ಕೈಗೇ ಐದು ಪೆಟ್ಟಿಗೆಗಳ ಫಾರಂ ಕೊಡುತ್ತೇವೆ. "ನಿಮ್ಮ ನೋವಿಗೆ ಐದಕ್ಕೆ ಎಷ್ಟು ಅಂಕ" ಎಂದಷ್ಟೇ ಕೇಳಿ, ಮುಖವನ್ನೂ ನೋಡದೆ ರೋಗಿಯನ್ನು ಕಳುಹಿಸುವ ಇಂಟರ್ನ್‌ನನ್ನು ನಾವು ಕ್ಷಮಿಸುತ್ತೇವೆಯೇ?

ಪಾಠ ಚೆನ್ನಾಗಿತ್ತೇ ಎಂದು ತೀರ್ಪು ಕೇಳುವ ಬದಲು, ಅವರು ಕಂಡದ್ದನ್ನು, ಅವರಿಗೆ ಆದದ್ದನ್ನು ಕೇಳೋಣ. ಈ ವಾರ ನೀವು ಎಷ್ಟು ರೋಗಿಗಳನ್ನು ನಿಮ್ಮ ಕೈಯಾರೆ ಪರೀಕ್ಷಿಸಿದಿರಿ? ಯಾವ ತರಗತಿಯಲ್ಲಿ, ಯಾವ ಹಂತದಲ್ಲಿ ಎಳೆ ತಪ್ಪಿತು? ಪ್ರಶ್ನೆ ಕೇಳಬೇಕೆನಿಸಿ ಕೇಳದೆ ಉಳಿದದ್ದು ಯಾವಾಗ, ಏಕೆ? ಇವೆಲ್ಲಕ್ಕಿಂತ ಮುಖ್ಯವೆಂದು ನನಗೆ ಅನಿಸಿದ ಪ್ರಶ್ನೆ ಇನ್ನೊಂದು: ನೀವು ರೋಗಿಯ ಹಿಸ್ಟರಿ ಕೇಳಿ ಪರೀಕ್ಷಿಸುವುದನ್ನು ಶಿಕ್ಷಕರೊಬ್ಬರು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದ್ದಾರೆಯೇ?

ಈ ಪ್ರಶ್ನೆಯನ್ನು ನಾನು ಮೊದಲ ಬಾರಿ ಕೇಳಿದ್ದು ಅಂತಿಮ ವರ್ಷದವರನ್ನು. "ಪರೀಕ್ಷೆಯ ದಿನ ನೋಡಬಹುದು ಸರ್" ಎಂದು ಒಬ್ಬ ಬರೆದಿದ್ದ. ಅದರಲ್ಲಿ ಕೊಂಕಿರಲಿಲ್ಲ, ಅವನಿಗೆ ಗೊತ್ತಿದ್ದ ವಾಸ್ತವ ಅದು. ನಾವು ನೋಡುವುದು ಅವರು ಒಪ್ಪಿಸುವ ಕೇಸ್ ಮಂಡನೆಯನ್ನು, ಲಾಗ್‌ಬುಕ್ಕಿನ ಸಹಿಯನ್ನು. ಹೊಟ್ಟೆ ಮುಟ್ಟುವಾಗ ಅವನ ಬೆರಳು ಹೇಗಿತ್ತು, ರೋಗಿಯ ಮೈಮೇಲೆ ಹೊದಿಕೆ ಇತ್ತೇ, ನೋವಾದಾಗ ರೋಗಿಯ ಮುಖ ನೋಡಿದನೇ ಎಂಬುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹದಿನೈದಿಪ್ಪತ್ತು ನಿಮಿಷ ನಿಂತು ನೋಡಿ, ಅಲ್ಲಿಯೇ ತಿದ್ದಿ ಹೇಳುವ ಮಿನಿ-ಸಿಇಎಕ್ಸ್ (mini-CEX) ಎಂಬ ಕ್ರಮ 1990ರ ದಶಕದಿಂದಲೇ ಇದೆ, ನಮ್ಮ ಕೈಪಿಡಿಗಳಲ್ಲೂ ಇದೆ. ನಮ್ಮ ವಾರ್ಡಿನಲ್ಲಿ ಅದು ನಡೆಯುತ್ತಿದೆಯೇ ಎಂದು ಹೇಳಬಲ್ಲವರು ವಿದ್ಯಾರ್ಥಿಗಳು ಮಾತ್ರ. ಕೈಪಿಡಿ ಹೇಳಲಾರದು.

ಕೇಳುವ ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮರಣೋತ್ತರ ಪರೀಕ್ಷೆಯಿಂದ ಆ ರೋಗಿಗೆ ಪ್ರಯೋಜನವಿಲ್ಲ, ವರ್ಷಾಂತ್ಯದ ಫಾರಂನಿಂದ ಆ ಬ್ಯಾಚಿಗೆ ಪ್ರಯೋಜನವಿಲ್ಲ. ಪೋಸ್ಟಿಂಗಿನ ನಡುವೆ ಕೇಳಬೇಕು. ಅವಧಿಯ ಮಧ್ಯದಲ್ಲಿ ಅಭಿಪ್ರಾಯ ಪಡೆದ ಶಿಕ್ಷಕರ ಬೋಧನೆ ಕೊನೆಯ ಹೊತ್ತಿಗೆ ಸುಧಾರಿಸಿದಂತೆ ವಿದ್ಯಾರ್ಥಿಗಳಿಗೆ ಕಂಡಿತೆಂದೂ, ಬರಿಯ ಅಂಕಪಟ್ಟಿ ಕೊಡುವುದರ ಜೊತೆಗೆ ಯಾರಾದರೂ ಕುಳಿತು ಅದರ ಬಗ್ಗೆ ಶಿಕ್ಷಕರೊಂದಿಗೆ ಮಾತನಾಡಿದರೆ ಪರಿಣಾಮ ಇನ್ನೂ ಹೆಚ್ಚೆಂದೂ 1980ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ತೋರಿಸಿದ್ದಾರೆ.

ಕೇಳುವವರು ಯಾರು ಎಂಬುದು ಅಷ್ಟು ಸರಳವಲ್ಲ. ಎಂಟು ಮಂದಿಯ ಬ್ಯಾಚಿನಲ್ಲಿ ಹೆಸರಿಲ್ಲದ ಚೀಟಿ ಹೆಸರಿಲ್ಲದ್ದೇ ಅಲ್ಲ. ಕೈಬರಹ ಗೊತ್ತಾಗುತ್ತದೆ, ಹೇಳಿದ ಘಟನೆಯಿಂದ ಆಳು ಗೊತ್ತಾಗುತ್ತದೆ. ಆಂತರಿಕ ಅಂಕ ನಮ್ಮ ಕೈಯಲ್ಲಿದೆ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎದುರು ಕೂರುವವರೂ ನಾವೇ. ಈ ಭಯವನ್ನು "ನಮ್ಮಲ್ಲಿ ಅಂಥದ್ದೇನಿಲ್ಲ" ಎಂದು ಹೇಳಿ ಹೋಗಲಾಡಿಸಲಾಗದು. ಹಲವು ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ಒಂದು ಕ್ರಮವನ್ನು ನಾವೂ ಮಾಡಿ ನೋಡಿದೆವು. ಪಾಠ ಮಾಡುವವರು ಕೊಠಡಿಯಿಂದ ಹೊರಗೆ ಹೋಗುತ್ತಾರೆ. ಆ ಬ್ಯಾಚಿಗೆ ಅಂಕ ಕೊಡುವ ಅಧಿಕಾರವಿಲ್ಲದ ಬೇರೆ ವಿಭಾಗದವರೊಬ್ಬರು ಇಪ್ಪತ್ತು ನಿಮಿಷ ಕುಳಿತುಕೊಳ್ಳುತ್ತಾರೆ. ನಿಮ್ಮ ಕಲಿಕೆಗೆ ನೆರವಾದದ್ದು ಏನು, ಅಡ್ಡಿಯಾದದ್ದು ಏನು, ಏನು ಬದಲಾಗಬೇಕು ಎಂಬ ಮೂರು ಪ್ರಶ್ನೆಗಳು. ಗುಂಪು ಒಪ್ಪಿದ್ದನ್ನು ಮಾತ್ರ, ಯಾರು ಹೇಳಿದರೆಂದು ತಿಳಿಸದೆ, ತಮ್ಮ ಮಾತಿನಲ್ಲಿ ಶಿಕ್ಷಕರಿಗೆ ತಲುಪಿಸುತ್ತಾರೆ. ನನ್ನ ಬ್ಯಾಚಿನೊಂದಿಗೆ ಕುಳಿತವರು ಅನಾಟಮಿ ವಿಭಾಗದ ಸಹೋದ್ಯೋಗಿ. ಅವರು ತಂದ ಮೊದಲ ವಾಕ್ಯ, "ತಪ್ಪು ಉತ್ತರ ಹೇಳಿದವರತ್ತ ಅವತ್ತು ಪೂರ್ತಿ ಸರ್ ತಿರುಗಿ ನೋಡುವುದಿಲ್ಲ." ನನಗದು ಗೊತ್ತೇ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅವಮಾನಿಸಿ ಕಲಿಸುವುದು ನಮ್ಮ ವೃತ್ತಿಯಲ್ಲಿ ಇನ್ನೂ ಶಿಸ್ತಿನ ಹೆಸರಿನಲ್ಲಿ ಉಳಿದಿದೆ. ರೋಗಿಯ ಎದುರು, ನರ್ಸ್‌ಗಳ ಎದುರು ಬೈಸಿಕೊಂಡ ವಿದ್ಯಾರ್ಥಿ ಆಮೇಲೆ ಕಲಿಯುವುದು ಒಂದನ್ನೇ: ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಬಾರದು. ಆ ಅಭ್ಯಾಸ ನಾಳೆ ರಾತ್ರಿ ಪಾಳಿಯಲ್ಲಿ ರೋಗಿಯ ಜೀವಕ್ಕೆ ಎರವಾಗುತ್ತದೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಪದವಿ ಮುಗಿಸುವವರಿಗೆ ಕಳುಹಿಸುವ ಪ್ರಶ್ನಾವಳಿಯಲ್ಲಿ 1991ರಿಂದಲೂ ದುರ್ವರ್ತನೆಯ ಬಗ್ಗೆ ನೇರವಾಗಿ ಕೇಳುತ್ತಿದೆ. ಕಿರುಕುಳದ ದೂರನ್ನು ಸಾಮಾನ್ಯ ಫೀಡ್‌ಬ್ಯಾಕಿನಲ್ಲಿ ಕಲಸಿಬಿಡಬಾರದು. ಅದಕ್ಕೆ ಪ್ರತ್ಯೇಕ ದಾರಿ, ಪ್ರತ್ಯೇಕ ಜವಾಬ್ದಾರಿ ಇರಬೇಕು.

ಶಿಕ್ಷಕರ ರಕ್ಷಣೆಯೂ ಅಷ್ಟೇ ಮುಖ್ಯ. ಉಡುಪಿನ ಬಗ್ಗೆ, ಉಚ್ಚಾರಣೆಯ ಬಗ್ಗೆ, ಮೈಕಟ್ಟಿನ ಬಗ್ಗೆ ಬರೆದ ಸಾಲುಗಳನ್ನು ಓದಿ ಕಣ್ಣೀರು ಹಾಕಿದ ಕಿರಿಯ ಶಿಕ್ಷಕಿಯರನ್ನು ನಾನು ಕಂಡಿದ್ದೇನೆ. ಅಂಥ ಸಾಲುಗಳನ್ನು ಮಧ್ಯದವರು ತೆಗೆದುಹಾಕಬೇಕು. ಬಡ್ತಿಯ ಕಡತದಲ್ಲಿ ಆ ದಶಮಾಂಶದ ಸರಾಸರಿಗೆ ಜಾಗ ಇರಕೂಡದು. ಬಡ್ತಿ ಅದರ ಮೇಲೆ ನಿಂತರೆ ಶಿಕ್ಷಕರು ಕಷ್ಟದ ಪಾಠವನ್ನು ಬಿಟ್ಟು ಸುಲಭದ್ದನ್ನು ಮಾಡುತ್ತಾರೆ.

ಇನ್ನು ಸ್ಪಂದನೆ. ಇದಕ್ಕೆ ಬೇಕಾದದ್ದು ಮುಂದಿನ ತರಗತಿಯ ಮೊದಲ ಹತ್ತು ನಿಮಿಷ. ನೀವು ಹೀಗೆ ಹೇಳಿದಿರಿ, ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸುವುದಿಲ್ಲ, ಕಾರಣ ಇದು ಎಂದು ಎದುರು ನಿಂತು ಹೇಳಬೇಕು. ನಾನು ಮರ್ಮರ್ ಪಾಠವನ್ನು ಇಬ್ಬಿಬ್ಬರಿಗೆ, ಪಕ್ಕದ ನಿಶ್ಶಬ್ದ ಕೊಠಡಿಯಲ್ಲಿ ಮಾಡತೊಡಗಿದೆ. ಉಳಿದ ಆರು ಮಂದಿ ಆ ಹೊತ್ತಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯೊಂದಿಗೆ ಬೇರೆ ರೋಗಿಯ ಬಳಿ ಇರುತ್ತಾರೆ. "ಕೇಳಿಸಿತೇ" ಎಂಬ ಪ್ರಶ್ನೆಯನ್ನು ಬಿಟ್ಟೇಬಿಟ್ಟೆ. ಅದೇ ಬ್ಯಾಚಿನವರು ಕೇಸ್ ಚರ್ಚೆ ಕಡಿಮೆ ಮಾಡಿ ಉಪನ್ಯಾಸ ಹೆಚ್ಚಿಸಿ ಎಂದೂ ಕೇಳಿದ್ದರು. ಅದಕ್ಕೆ ಒಪ್ಪಲಿಲ್ಲ. ಹಾರ್ವರ್ಡ್ ಅಧ್ಯಯನದ ವಿಷಯ ಹೇಳಿ, ಕಷ್ಟವೆನಿಸುವುದು ಏಕೆಂದು ವಿವರಿಸಿದೆ. ಕೆಲವರ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಆದರೆ ಮುಂದಿನ ಬಾರಿ ಚೀಟಿ ಹಂಚಿದಾಗ ಖಾಲಿ ಬಂದದ್ದು ಒಂದೂ ಇರಲಿಲ್ಲ.

ಕೊನೆಯದಾಗಿ, ನಾವು ಕೇಳಲೇಬೇಕಾದ ಇನ್ನೊಂದು ಗುಂಪಿದೆ: ಇಂಟರ್ನ್‌ಗಳು. ವಾಯುಪಡೆ ಅಕಾಡೆಮಿಯ ಅಧ್ಯಯನ ಹೇಳುವಂತೆ ಪಾಠದ ಬೆಲೆ ಪಾಠದ ದಿನ ತಿಳಿಯುವುದಿಲ್ಲ, ಅದರ ಮೇಲೆ ಭಾರ ಬಿದ್ದ ದಿನ ತಿಳಿಯುತ್ತದೆ. "ನಿಮ್ಮ ಮೊದಲ ರಾತ್ರಿ ಪಾಳಿಯಲ್ಲಿ ನಿಮಗೆ ಬಾರದೆ ಹೋದದ್ದು ಏನು?" ಎಂದು ಇಂಟರ್ನ್‌ಗಳನ್ನು ಕೇಳಿದೆ. ಅಪರೂಪದ ಸಿಂಡ್ರೋಮಿನ ಹೆಸರನ್ನು ಯಾರೂ ಬರೆಯಲಿಲ್ಲ. ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ ಎಷ್ಟು, ಎಷ್ಟು ನಿಧಾನವಾಗಿ ಕೊಡಬೇಕೆಂದು ಕೈ ನಡುಗಿತು ಎಂದು ಒಬ್ಬಳು ಬರೆದಳು. ಸಾವಿನ ಸುದ್ದಿಯನ್ನು ಮಗನಿಗೆ ಹೇಗೆ ಹೇಳಬೇಕೆಂದು ತಿಳಿಯದೆ ನರ್ಸ್ ಹತ್ತಿರ ಹೇಳಿಸಿದೆ ಎಂದು ಒಬ್ಬ ಬರೆದ. ಇನ್ನೊಬ್ಬ, ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣದ ಎದುರು "ಹೃದಯ ಸ್ತಂಭನ" ಎಂದಷ್ಟೇ ಬರೆದೆ, ಅದು ಕಾರಣವಲ್ಲವೆಂದು ಆಮೇಲೆ ತಿಳಿಯಿತು ಎಂದ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಆ ನಮೂನೆ ಕೇಳುವುದು ಅದು ನಿಲ್ಲುವಂತೆ ಮಾಡಿದ ಮೂಲ ರೋಗವನ್ನು. ಐದೂವರೆ ವರ್ಷದ ಕೋರ್ಸಿನಲ್ಲಿ ಈ ಮೂರಕ್ಕೆ ನಾವು ಕೊಟ್ಟ ಗಂಟೆಗಳನ್ನು ಲೆಕ್ಕ ಹಾಕಿ, ವಿಭಾಗದ ಸಭೆಯಲ್ಲಿ ಇಟ್ಟೆ. ಸಾವಿನ ಸುದ್ದಿ ಹೇಳುವುದನ್ನು ಅಭ್ಯಾಸ ಮಾಡಿಸುವ ಎರಡು ಮಧ್ಯಾಹ್ನಗಳು ಈಗ ನಮ್ಮ ವೇಳಾಪಟ್ಟಿಯಲ್ಲಿವೆ.

ನನ್ನ ಕೋರಿಕೆಗಳು ದುಬಾರಿಯವಲ್ಲ. ಪ್ರವೇಶ ಪತ್ರಕ್ಕೂ ಫಾರಂಗೂ ಇರುವ ಗಂಟನ್ನು ಬಿಚ್ಚಿ. ಪ್ರತಿ ಪೋಸ್ಟಿಂಗಿನ ನಡುವೆ ಇಪ್ಪತ್ತು ನಿಮಿಷ ಕೊಡಿ, ಅದನ್ನು ನಡೆಸುವ ಶಿಕ್ಷಕರ ಸಮಯವನ್ನು ಕೆಲಸವೆಂದೇ ಲೆಕ್ಕ ಹಾಕಿ. ಎರಡು ವಾರದೊಳಗೆ ವಿಭಾಗವು ತನ್ನ ಉತ್ತರವನ್ನು ಒಂದು ಪುಟದಲ್ಲಿ ಸೂಚನಾ ಫಲಕಕ್ಕೆ ಹಾಕಲಿ. ಇಂಟರ್ನ್‌ಗಳ ಮಾತು ಪಠ್ಯಕ್ರಮ ಸಮಿತಿಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಲಿ.

ಅದಕ್ಕೂ ಮೊದಲು, ಈ ವಾರವೇ, ಕಳೆದ ವರ್ಷದ ಫಾರಂಗಳ ಕಟ್ಟನ್ನು ತರಿಸಿಕೊಳ್ಳಿ. ಅಂಕಗಳನ್ನು ಬಿಟ್ಟು ಕೊನೆಯಲ್ಲಿರುವ "ಇತರ ಅಭಿಪ್ರಾಯ" ಎಂಬ ಎರಡು ಖಾಲಿ ಸಾಲುಗಳತ್ತ ನೋಡಿ. ಬಹಳಷ್ಟು ಖಾಲಿ ಇರುತ್ತವೆ, ಕೆಲವದರಲ್ಲಿ ಬರೆದಿರುತ್ತದೆ. ಬರೆದದ್ದರಲ್ಲಿ ಒಂದನ್ನು ಆರಿಸಿಕೊಂಡು ಆ ಬ್ಯಾಚಿನ ತರಗತಿಗೆ ಹೋಗಿ, ಓದಿ ಹೇಳಿ, ನಿಮ್ಮ ಉತ್ತರ ಕೊಡಿ. ಅವರು ಇನ್ನೂ ನಿಮ್ಮ ಕಾಲೇಜಿನಲ್ಲೇ ಇದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವೈದ್ಯಕೀಯ ಶಿಕ್ಷಕ